ನಾರ್ವೆಯ ಹಡಗಿಗೆ ನಮ್ಮತ್ತೆಯ ಬುತ್ತಿ

ನಮ್ಮ ಹಡಗಿನ ಕೆಳಗೆ ನೀರೇ ಇಲ್ಲ, ಆದರೂ ವಾರಕ್ಕೊಂದು ಅವಾಂತರ ತೇಲಿಕೊಂಡು ಬರುತ್ತದೆ. ರೆಡ್‌ವುಡ್ ಸಿಟಿಯ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ನಾನು ಪುಕ್ಕಟೆ ದುಡಿಯುವ ಗೈಡು. ಹಿಂದೆ ನಾರ್ವೆಯ ಬಡವರು ಹಾಯಿಹಡಗು ಹತ್ತಿ, ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಬರುತ್ತಿದ್ದರಲ್ಲ, ಅಂಥ ಹಡಗಿನ ಒಳಭಾಗವನ್ನು ಅಲ್ಲಿ ಮರದಲ್ಲಿ ಕಟ್ಟಿಟ್ಟಿದ್ದಾರೆ. ವಿಜಯಪುರದವಳಿಗೆ ಸಮುದ್ರ ಏನು ಗೊತ್ತು ಎಂದು ನಮ್ಮವರು ಕೇಳಿದರು. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ಉಳಿದ ಗೈಡುಗಳಿಗೆ ನಾರ್ವೆ ಏನು ಗೊತ್ತು ಎಂದು ನಾನು ಕೇಳಿದೆ.

ಮುಖ್ಯ ಗೈಡು ಒಬ್ಬರು ಮೇಡಂ. ಅವರ ಮುತ್ತಜ್ಜ ಇಂಥದೇ ಹಡಗಿನಲ್ಲಿ ಬಂದವನು. ನನಗೆ ಜನ ಹೆಚ್ಚು ಸೇರುವ ಶನಿವಾರದ ಟೂರು ಬೇಕೇಬೇಕಿತ್ತು, ಅವರು ಕೊಡುತ್ತಿರಲಿಲ್ಲ. ಗುಂಪಿನ ಹಿಂದೆ ನಡೆದು "ತಲೆ ಜೋಪಾನ" ಎನ್ನುವುದಷ್ಟೇ ನನ್ನ ಪಾಲು. ಕನ್ನಡದವರು ಬಂದರೆ ಮಾತ್ರ ನನ್ನನ್ನು ಮುಂದೆ ಬಿಡುತ್ತಿದ್ದರು.

ಐದು ಜನರ ಮಂಚ

ಸ್ಯಾನ್ ರಮೋನ್‌ನಿಂದ ಉಡುಪಿ ಕಡೆಯವರು ಬಂದಿದ್ದರು: ಅಜ್ಜಿ, ಮಗ, ಮೊಮ್ಮಗಳು. ಮೊಮ್ಮಗಳು ತನ್ನ ಜೊತೆ ರೂಮು ಹಂಚಿಕೊಳ್ಳಲು ಒಪ್ಪುತ್ತಿಲ್ಲ ಎಂದು ಅಜ್ಜಿ ಬಾಗಿಲಲ್ಲೇ ದೂರು ಹೇಳಿದ್ದರು. ನಾನು ಹಡಗಿನ ಮಂಚ ತೋರಿಸಿ, "ಇದರಲ್ಲಿ ಐದು ಜನ ಮಲಗ್ತಿದ್ರು, ತಿಂಗಳುಗಟ್ಟಲೆ" ಎಂದೆ.

ಅಜ್ಜಿಗೆ ಹುರುಪು ಬಂತು. "ಕಂಡ್ಯಾ ಮಗಾ? ನಿಂಗೆ ಒಬ್ಳು ಅಜ್ಜಿ ಹೆಚ್ಚಾದದ್ದಾ?"

ಮೊಮ್ಮಗಳು ಮಂಚ ನೋಡಿದಳು, ಅಜ್ಜಿಯನ್ನು ನೋಡಿದಳು, ಆಮೇಲೆ ನನ್ನನ್ನು ಕೇಳಿದಳು. "ಆಂಟಿ, ಡಿಡ್ ಎನಿ ಆಫ್ ದೆಮ್ ಸ್ನೋರ್?"

ಅವಳಪ್ಪ ತಕ್ಷಣ ಗೋಡೆಗೆ ತೂಗುಹಾಕಿದ್ದ ಹಾಯಿಬಟ್ಟೆ ನೋಡುವ ನೆಪದಲ್ಲಿ ಆ ಕಡೆ ತಿರುಗಿ ನಿಂತರು.

ಸಾಮಾನಿನ ಪೆಟ್ಟಿಗೆ

ಮಿಲ್ಪಿಟಾಸ್‌ನ ಒಬ್ಬ ಎಂಜಿನಿಯರು, ಹುಬ್ಬಳ್ಳಿಯವರು, ಊರಿನಿಂದ ವಾಪಸ್ಸಾದ ಹೊಸತರಲ್ಲಿ ಹೆಂಡತಿಯೊಂದಿಗೆ ಬಂದರು. ದಾರಿಯ ಊಟವನ್ನೆಲ್ಲ ಪ್ರಯಾಣಿಕರು ಮನೆಯಿಂದಲೇ ಕಟ್ಟಿಕೊಂಡು ಬರುತ್ತಿದ್ದರು ಎಂದು ಹೇಳಿ, ಬಣ್ಣದ ಹೂವು ಬರೆದಿದ್ದ ದೊಡ್ಡ ಮರದ ಪೆಟ್ಟಿಗೆ ತೋರಿಸಿದೆ.

"ತೂಕ ನೋಡತಿದ್ರೇನ್ರಿ?" ಎಂಜಿನಿಯರು ಕೇಳಿದರು.

"ನಮ್ಮ ಹಾಗೆ ಪ್ರತಿ ಕಿಲೋಕ್ಕೂ ಒದ್ದಾಟ ಇರಲಿಲ್ಲ ಬಿಡಿ."

ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು. "ಏರ್‌ಪೋರ್ಟಿನ ನೆಲದ ಮ್ಯಾಲ ಸೂಟ್‌ಕೇಸ್ ಬಿಚ್ಚಿ, ಮಂದಿ ಮುಂದ ಉಪ್ಪಿನಕಾಯಿ ತೆಗದೀನ್ರಿ ನಾನು."

ಪಾಪ ಅನ್ನಿಸಿತು. "ಆದರೆ ಎಷ್ಟೋ ಜನ ದಾರಿಯಲ್ಲೇ ಕಾಯಿಲೆ ಬಿದ್ದು ಸಾಯ್ತಿದ್ರು" ಎಂದು ಸಮಾಧಾನ ಹೇಳಿದೆ.

ಹೆಂಡತಿ ನಿಟ್ಟುಸಿರು ಬಿಟ್ಟರು. "ಸಾಮಾನರೆ ಮುಟ್ಟತಿದ್ವಲ್ರೀ. ನಮ್ಮದೊಂದು ಬ್ಯಾಗ ಇನ್ನೂ ಬಂದಿಲ್ಲ."

ಜಾಮ್

ವರ್ಷಕ್ಕೊಮ್ಮೆ ಆ ಹಡಗುಗಳಲ್ಲಿ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಸೇರುತ್ತಾರೆ. ಹಿರಿಯರು ದಾರಿಯಲ್ಲಿ ತಿನ್ನುತ್ತಿದ್ದಂಥ ತೆಳ್ಳನೆಯ ಒಣ ರೊಟ್ಟಿಯನ್ನು ಅವತ್ತು ಎಲ್ಲರೂ ಮುರಿದು ತಿನ್ನುವುದು ಪದ್ಧತಿ. ಈ ಸಲ ಅದನ್ನು ಸುಡುವವರು ಜ್ವರ ಬಂದು ಮಲಗಿದರು. ನಾನಿದ್ದೀನಲ್ಲ ಎಂದೆ. ಊರಿನಿಂದ ಬಂದು ನಮ್ಮ ಜೊತೆಗಿದ್ದ ನಮ್ಮತ್ತೆ ಬಡಿದ ಕಡಕ್ ಜೋಳದ ರೊಟ್ಟಿಯನ್ನು ಮೇಡಂ ಮುರಿದು ತಿಂದು ನೋಡಿದರು. "ಇಂಡಿಯಾದ್ದು ಅಂತ ಹೇಳಿಯೇ ಕೊಡಿ. ಅವತ್ತಿನ ಟೂರೂ ನೀವೇ ಮಾಡಿ. ಜನರ ಮನಸ್ಸು ತಟ್ಟಿದರೆ ಶನಿವಾರ ನಿಮ್ಮದು" ಎಂದರು.

ಬರೀ ರೊಟ್ಟಿ ಬಡಿಸುವುದು ನಮ್ಮತ್ತೆಯ ಜಾಯಮಾನದಲ್ಲೇ ಇಲ್ಲ. ಕೆಂಪು ಮೆಣಸಿನಕಾಯಿ ಅರೆದ ರಂಜಕವನ್ನೂ ಪಕ್ಕದಲ್ಲಿಟ್ಟಿದ್ದರು. ನಾರ್ವೆಯವರು ಅದನ್ನು ತಮ್ಮ ಕಡೆಯ ಹಣ್ಣಿನ ಜಾಮ್ ಅಂದುಕೊಂಡು ಧಾರಾಳವಾಗಿ ಹಚ್ಚಿಕೊಂಡರು. ನಾನು ಇದನ್ನೆಲ್ಲ ನೋಡಲಿಲ್ಲ. ದಡದಲ್ಲಿ ನಿಂತ ತಾಯಿ ಮಗನ ಹಡಗು ಮರೆಯಾಗುವವರೆಗೂ ಕೈ ಬೀಸಿದ ಕಥೆಯಲ್ಲಿ ಮುಳುಗಿದ್ದೆ.

ಮುಂದಿದ್ದ ಮುದುಕರೊಬ್ಬರ ಕಣ್ಣಲ್ಲಿ ನೀರು ಬಂತು. ನಾನು ದನಿ ತಗ್ಗಿಸಿದೆ. ಪಕ್ಕದ ಹೆಂಗಸು ಮೂಗು ಒರೆಸಿಕೊಂಡರು. ಬಿರುಗಾಳಿಯ ಭಾಗಕ್ಕೆ ಬರುವಷ್ಟರಲ್ಲಿ ಇಡೀ ಸಾಲು ಅಳುತ್ತಿತ್ತು.

ಬಾಗಿಲಲ್ಲಿದ್ದ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ವರ್ಷದಲ್ಲಿ ಯಾರೂ ಇವರನ್ನು ಹೀಗೆ ಅಳಿಸಿರಲಿಲ್ಲ. ಶನಿವಾರ ನಿಮ್ಮದು."

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಷ್ಟರಲ್ಲಿ ಆ ಮುದುಕರು ನನ್ನ ಕೈ ಹಿಡಿದು, ಮೂಲೆಯಲ್ಲಿ 'ಹುಳಿ ಹಾಲು' ಎಂದು ಚೀಟಿ ಅಂಟಿಸಿದ್ದ ಮರದ ಬಾನಿಯನ್ನು ತೋರಿಸಿದರು. ಎಂಥ ಆಸಕ್ತಿ ಎಂದು ಹಿಗ್ಗಿದೆ. "ಹೌದು ಸರ್, ನಿಮ್ಮ ಹಿರಿಯರು ಹುಳಿ ಹಾಲು ತುಂಬಿಕೊಂಡು ಬರ್ತಿದ್ದದ್ದು ಅದರಲ್ಲೇ" ಎಂದು ಹಾಲು ಹೆಪ್ಪು ಹಾಕುವಲ್ಲಿಂದ ಶುರುಮಾಡಿದೆ. ಅವರು ತಲೆ ಅಲ್ಲಾಡಿಸಿ, ಬಾನಿಯ ಹತ್ತಿರ ಓಡಿ, ಅದನ್ನು ಬಗ್ಗಿಸಿ ನೋಡಿದರು. ಒಣಗಿತ್ತು. ನಾನು ಬಿಡದೆ, ಅದು ಯಾವ ಮರದ್ದು ಎಂದು ವಿವರಿಸತೊಡಗಿದೆ.

ನಮ್ಮತ್ತೆ ಊಟದ ಡಬ್ಬಿ ಹಿಡಿದು ನನ್ನನ್ನು ಪಕ್ಕಕ್ಕೆ ಸರಿಸಿದರು. "ಅವ್ರು ಇತಿಹಾಸ ಕೇಳಾಕತ್ತಿಲ್ಲವ್ವಾ, ಮೊಸರು ಕೇಳಾಕತ್ತಾರ."