ನಕ್ಷೆಯಲ್ಲಿಲ್ಲದ ಮಳೆ

ವಡಗಾವಿ, ಮೇ ೧೯೮೩

ಮನೆಗಳ ನಕ್ಷೆ ತೆಗೆದ ಮಾನ್ಯ ಸಾಹೇಬರೇ,

ನೇಕಾರರ ಹೊಸ ಕಾಲನಿಯ ಏಳನೇ ನಂಬರ ಮನೆಯ ಬಂಡೆಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ, ಯಾಕಂದರೆ ತಮ್ಮ ಕಚೇರಿಗೆ ಹಂಚಿನ ಮಾಡು ಇರುವುದನ್ನು ಕಣ್ಣಾರೆ ನೋಡಿ ಬಂದಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಬಡವರಿಗೆ ಸೋವಿಯಲ್ಲಿ ಮನೆ ಕೊಟ್ಟಿರಿ, ಅದೂ ಮಳೆಯೇ ಕಾಣದ ಸೀಮೆಗೂ ನಮಗೂ ಒಂದೇ ನಕ್ಷೆಯಲ್ಲಿ. ಈ ಜಾಣತನವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬೇಸಿಗೆಯಲ್ಲಿ ಮನೆಯ ಮೇಲಿನ ಚಪ್ಪಟೆ ಸ್ಲ್ಯಾಬು ರೊಟ್ಟಿ ಸುಡುವಷ್ಟು ಕಾಯುತ್ತದೆ, ಮಗ್ಗದ ಮೇಲಿನ ನೂಲು ಒಣಗಿ ಪಟಪಟ ಹರಿಯುತ್ತದೆ. ಮಳೆಗಾಲದಲ್ಲಿ ಅದೇ ಸ್ಲ್ಯಾಬು ಕೆರೆಯಾಗಿ, ನೀರು ಜಿನುಗಿ ಜಿನುಗಿ ನೇರ ನಾನು ಮಗ್ಗದ ಕೆಳಗೆ ಕಾಲಿಟ್ಟು ನೇಯುವ ತಗ್ಗಿಗೇ ಇಳಿಯುತ್ತದೆ. ಹೋದ ವರ್ಷ ಮೊಣಕಾಲಮಟ ನೀರಿನಲ್ಲಿ ಕೂತಿದ್ದನ್ನು ನೋಡಿ ನನ್ನ ಮನೆಯವಳು ಶಿವಬಸವ್ವ, ಸೀರಿ ಸಾಕು ಮಾಡಿ ಇದರಾಗ ಭತ್ತಾ ಹಚ್ರಿ ಅಂದಳು.

ಬಾಜೂ ಮನೆಯ ಕಾಶವ್ವ ಮಾತ್ರ ತನ್ನ ಹಳೇ ಮನೆ ಕೆಡವಿದಾಗ ಉಳಿದ ಖಾನಾಪುರದ ಹಂಚು ತಂದು, ಸ್ಲ್ಯಾಬಿನ ಮೇಲೆ ಬಿದಿರು ಕಟ್ಟಿ ಇಳಿಜಾರು ಮಾಡು ಹೊದಿಸಿದಳು. ಅಲ್ಲಿಂದ ಆಕೆಯ ಮನೆಗೆ ಮಳೆಯೂ ಇಳಿಯಲಿಲ್ಲ, ಬಿಸಿಲೂ ಇಳಿಯಲಿಲ್ಲ. ಅದನ್ನು ಕಂಡು ನಾನೂ ನನ್ನ ಹಳೇ ಹಂಚು ತಂದು ಅಂಗಳದಲ್ಲಿ ಪೇರಿಸಿಟ್ಟೆ. ಅಷ್ಟರಲ್ಲಿ ತಮ್ಮ ಓವರ್ಸಿಯರರು ಇಬ್ಬರಿಗೂ ನೋಟೀಸು ಕೊಟ್ಟರು: ಹಂಚು ನಕ್ಷೆಯಲ್ಲಿಲ್ಲ, ಹಾಕಿದವರ ಮನೆ ರದ್ದು.

ಹಾಕಿದರೆ ಮನೆ ಹೋಗುತ್ತದೆ, ಹಾಕದಿದ್ದರೆ ಮಗ್ಗ ಹೋಗುತ್ತದೆ. ಒಂದು ಮೋಡ ಕಂಡರೂ ನೇಯುವುದು ಬಿಟ್ಟು ಅಂಗಳಕ್ಕೆ ಓಡುತ್ತೇನೆ, ಇದು ಖರೇ. ಆದ್ದರಿಂದ ತಾವು ದಯಮಾಡಿ ಮಳೆಗೂ ಒಂದು ನೋಟೀಸು ಕಳಿಸಿ, ನಕ್ಷೆಯಲ್ಲಿಲ್ಲದ ಕಾರಣ ವಡಗಾವಿಗೆ ಬರಕೂಡದೆಂದು ತಾಕೀತು ಮಾಡಬೇಕು. ಅದಕ್ಕೂ ಮಳೆ ಜಗ್ಗದಿದ್ದರೆ ಕಾಲನಿಯನ್ನೇ ಎತ್ತಿ ಒಣ ಸೀಮೆಯಲ್ಲಿ ಇಡಬೇಕು. ಎರಡಕ್ಕೂ ಪುರಸತ್ತಿಲ್ಲದಿದ್ದರೆ, ಬರುವ ತಿಂಗಳ ಮಿರಗದ ಮಳೆಗೆ ಮುಂಚೆ ಹಂಚು ಹಾಕಿಕೊಳ್ಳಲು ಒಂದು ಸಾಲಿನ ಪರವಾನಗಿ ಬರೆದರೂ ಸಾಕು. ಮಗ್ಗ ಕೊಳೆತರೆ ನನಗೆ ಬೇರೆ ಕಸುಬು ಗೊತ್ತಿಲ್ಲ.

ಆಕಾಶ ನೋಡುತ್ತ ಕುಳಿತಿರುವ
ತಮ್ಮ ವಿಶ್ವಾಸಿ,
ಬಂಡೆಪ್ಪ

ತಾ.ಕ.: ಓವರ್ಸಿಯರರು ಬಂದ ದಿನ ಅಡ್ಡಮಳೆ ಹೊಡೆಯಿತು. ನಮ್ಮ ಮನೆಯಲ್ಲಿ ಕಾಗದ ತೊಯ್ಯುತ್ತದೆಂದು ಅವರು ಎದ್ದುಹೋಗಿ, ಕಾಶವ್ವನ ಮನೆಯಲ್ಲಿ ಕೂತು, ಆಕೆಯ ಚಹಾ ಕುಡಿದು, ಆಕೆಗೊಂದು, ನನಗೊಂದು, ಎರಡೂ ನೋಟೀಸು ಅಲ್ಲೇ ಬರೆದರು. ಒಂದು ಅಕ್ಷರದ ಮಸಿಯೂ ಹರಡಿಲ್ಲ. ನನ್ನ ನೋಟೀಸನ್ನು ಇದರ ಜೊತೆ ಇಟ್ಟಿದ್ದೇನೆ, ಎಷ್ಟು ಒಣಗಿದೆಯೆಂದು ಮುಟ್ಟಿ ನೋಡಬೇಕು.