ಗ್ಯಾಸ್ ಉಳಿಸಿದ ಪೆಟ್ಟಿಗೆ

ಉಳಿತಾಯ ಎಂಬ ಮಾತು ಎಲ್ಲಿ ಕೇಳಿದರೂ ನನ್ನ ಕಿವಿ ನಿಮಿರುತ್ತದೆ. ಇದು ಗುಣವೋ ರೋಗವೋ ಎಂಬ ವಿಷಯದಲ್ಲಿ ನನಗೂ ನನ್ನ ಹೆಂಡತಿ ಗಿರಿಜೆಗೂ ಮದುವೆಯಾದಂದಿನಿಂದ ಒಮ್ಮತವಿಲ್ಲ. ಹಗಲು ದೀಪ ಉರಿಸಬಾರದೆಂದು ಅಡುಗೆಮನೆಯ ಮಾಡಿಗೆ ನಾನೇ ಹತ್ತಿ ಒಂದು ಗಾಜಿನ ಹಂಚು ಕೂರಿಸಿದೆ. ಬೆಳಕೇನೋ ಬಂತು. ಇಳಿಯುವಾಗ ನನ್ನ ಕಾಲಡಿಗೆ ಸಿಕ್ಕಿ ಪುಡಿಯಾದ ಉಳಿದ ಹಂಚುಗಳ ಸುದ್ದಿಯನ್ನು ಆಕೆ ನೆಂಟರಿಗೆಲ್ಲ ಹೇಳುತ್ತಾಳೆ.

ಗ್ಯಾಸ್ ಉಳಿಸುವ ಆಸೆಗೆ ಮಾತ್ರ ನನ್ನ ಸೊಂಟವೇ ಕಾರಣ. ಹಿರೇಕೊಡಿಗೆಯ ನಮ್ಮ ಮನೆ ಇರುವುದು ಏರಿನ ಮೇಲೆ. ಸಿಲಿಂಡರಿನ ಗಾಡಿ ಕೆಳಗಿನ ರಸ್ತೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತದೆ. ಅಲ್ಲಿಂದ ಮೇಲಕ್ಕೆ ಸಿಲಿಂಡರಿಗೆ ನಾನೇ ವಾಹನ. ಹೀಗಿರುವಾಗ ನರಸಿಂಹರಾಜಪುರದಲ್ಲಿ ಇಂಧನ ಉಳಿತಾಯದ ಒಂದು ಪ್ರಾತ್ಯಕ್ಷಿಕೆ ನೋಡಿದೆ. ಒಬ್ಬ ಹೆಣ್ಣುಮಗಳು ಕುದಿ ಬಂದ ಅನ್ನದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಹಳೇ ಬಟ್ಟೆ ಸುತ್ತಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಮುಕ್ಕಾಲು ಗಂಟೆ ಬಿಟ್ಟು ತೆಗೆದರೆ ಅನ್ನ ಮಲ್ಲಿಗೆಯ ಹಾಗೆ ಅರಳಿತ್ತು. ನನ್ನ ಸೊಂಟ ಅಲ್ಲೇ ಆಕೆಗೆ ಮನಸ್ಸಿನಲ್ಲಿ ಕೈಮುಗಿಯಿತು.

ಆದರೆ ಅಷ್ಟು ದಪ್ಪನೆಯ ಪೆಟ್ಟಿಗೆ, ಅದೂ ಪುಕ್ಕಟೆಯಾಗಿ, ಕೊಪ್ಪದಲ್ಲಿ ನನಗೆ ಸಿಕ್ಕಿದ್ದು ಮೀನು ಮಾರುವ ಮೋನಪ್ಪನ ಹತ್ತಿರ ಮಾತ್ರ. ನಮ್ಮದು ಶಿವಪೂಜೆಯ ಮನೆ. ಮೀನು ಅಂಗಳದ ಆಚೆಗೇ ಸರಿ.

“ನಿಮ್ಮನೆಗೆ ಇದು ಎಂತಕ್ಕೆ ಸಾರ್?” ಎಂದು ಅವನಿಗೇ ಆಶ್ಚರ್ಯ.

“ಸಸಿ ಹಾಕ್ಲಿಕ್ಕೆ ಮಾರಾಯ,” ಎಂದೆ.

ಸೀಗೆಪುಡಿ, ಲಿಂಬೆಸಿಪ್ಪೆ ಹಾಕಿ ಹಳ್ಳದ ಬದಿಯಲ್ಲಿ ಮೂರು ಸಲ ತಿಕ್ಕಿ, “ಪೇಟೆಯಿಂದ ತಂದೆ” ಎಂದು ಗಿರಿಜೆಯ ಕೈಗಿತ್ತೆ. ಸುಳ್ಳೇನಲ್ಲ, ಮೋನಪ್ಪ ಕೂರುವುದು ಪೇಟೆಯಲ್ಲೇ. “ಹೊದಿಕೆ ಹೊಲಿದ ಮೇಲೆ ಬಳಸುವ,” ಎಂದಳು. ನಾಲ್ಕು ದಿನದಲ್ಲಿ ಪೆಟ್ಟಿಗೆ ಹಳೇ ಸೀರೆಯ ಹೊದಿಕೆ ಹೊದ್ದು ಅಡುಗೆಮನೆಯ ಮೂಲೆಯಲ್ಲಿ ಕೂತಿತು. ಅನ್ನ ಬೆಂದಿತು, ಹೆಸರುಕಾಳು ಬೆಂದಿತು, ಸಿಲಿಂಡರ್ ಮುಗಿಯುವ ಸೂಚನೆಯೇ ಇಲ್ಲ. ಗಿರಿಜೆ ಜಗಲಿಯಲ್ಲಿ ಕಾಲು ಚಾಚಿ ಕೂತು, “ಒಲೆ ಮುಂದೆ ನಿಲ್ಲೋದು ತಪ್ಪಿತು, ನಿಮ್ಮಿಂದ ಒಂದಾದ್ರೂ ಉಪಕಾರ ಆಯ್ತು,” ಎಂದಳು. ನಿಜ ಹೇಳಿದರೆ ಪೆಟ್ಟಿಗೆ ತಿಪ್ಪೆ ಸೇರುತ್ತದೆ. ಅದರ ಜೊತೆಗೆ ಅವಳ ಬಿಡುವು, ನನ್ನ ಸೊಂಟ, ಈಗಷ್ಟೇ ಸಿಕ್ಕ ಆ ಹೊಗಳಿಕೆ ಎಲ್ಲವೂ. ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಬಹುದು, ಮೂಗು ಮುಚ್ಚುವುದು ಹೇಗೆ? ತುತ್ತು ಎತ್ತಿದರೆ ಮೀನಿನ ವಾಸನೆ. ನನ್ನ ಭ್ರಮೆ ಎಂದುಕೊಂಡರೆ ಮನೆಯ ಬೆಕ್ಕು ದಿನವಿಡೀ ಆ ಪೆಟ್ಟಿಗೆಗೆ ಒರಗಿ ಕೂರತೊಡಗಿತು. ಇನ್ನೇನು ಸಾಕ್ಷಿ ಬೇಕು? ಒಂದೊಂದೇ ತುತ್ತು ಕಡಿಮೆ ಮಾಡಿದೆ. ಲುಂಗಿ ಸಡಿಲವಾಯಿತು. ಕೊನೆಗೆ ನನ್ನನ್ನು ಕಾಪಾಡಿದ್ದು ಕೊತ್ತಂಬರಿ ಸೊಪ್ಪು. ಆಮೇಲಾಮೇಲೆ ಗಿರಿಜೆ ದಿನವೂ ತಾಜಾ ಸೊಪ್ಪು ಹೆಚ್ಚಿ ಇಡತೊಡಗಿದಳು. ಅನ್ನ ಕಾಣದಷ್ಟು ಸುರಿದುಕೊಂಡು, “ಎಂಥ ಘಮ!” ಎಂದು ಮೂಸಿ ಮೂಸಿ ನುಂಗಿದೆ.

ಮೊನ್ನೆ ಗಿರಿಜೆ ತಟ್ಟೆ ನೋಡಿ, “ಹೀಗೆ ಅನ್ನ ಬಿಟ್ರೆ ಆಗ್ಲಿಕ್ಕಿಲ್ಲ. ನಾಳೆ ಡಾಕ್ಟರ ಹತ್ರ ಹೋಗುವ,” ಎಂದಳು. ಅವಳ ಕಣ್ಣಲ್ಲಿ ನಿಜವಾದ ಹೆದರಿಕೆ ಕಂಡು ನನಗೆ ನಾಚಿಕೆಯಾಯಿತು. ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. “ನೀವು ತಂದ ಮಾರನೇ ದಿನವೇ ಮೋನಪ್ಪ ಸಿಕ್ಕಿ, ‘ನನ್ನ ಪೆಟ್ಟಿಗೇಲಿ ಸಸಿ ಹಾಕಿ ಆಯ್ತಾ ಅಕ್ಕ’ ಅಂತ ಕೇಳಿದ. ಹೊದಿಕೆಯೊಳಗೆ ಇರೋದು ನಾನು ಬಾಳಗಡಿಯ ಔಷಧಿ ಅಂಗಡಿಯಿಂದ ತಂದ ಬೇರೆ ಪೆಟ್ಟಿಗೆ ಮಾರಾಯ್ರೆ! ನೀವೇ ಬಾಯಿ ಬಿಡ್ತೀರೇನೋ ಅಂತ ಕಾದೆ.”

“ಮತ್ತೆ ಬೆಕ್ಕು?”

“ಬೆಚ್ಚಗಿರ್ತದೆ, ಕೂರ್ತದೆ.”

“ಹಾಗಾದ್ರೆ ಮೋನಪ್ಪನ ಪೆಟ್ಟಿಗೆ?”

ಅವಳು ನನ್ನನ್ನು ಹಿತ್ತಿಲಿಗೆ ಕರೆದೊಯ್ದಳು. ನಾನು ಆ ಕಡೆ ತಲೆ ಹಾಕದೆ ತಿಂಗಳುಗಳೇ ಆಗಿದ್ದವು. ಬಿಸಿಲಿನಲ್ಲಿ ಆ ಬಿಳಿ ಪೆಟ್ಟಿಗೆಯ ತುಂಬ ಕೊತ್ತಂಬರಿ ನಳನಳಿಸುತ್ತಿತ್ತು. “ಸಸಿ ಹಾಕ್ಲಿಕ್ಕೆ ಅಂದಿದ್ರಲ್ಲ? ನಿಮ್ಮ ಮಾತು ಸುಳ್ಳಾಗ್ಬಾರ್ದು ಅಂತ ಹಾಕಿದೆ,” ಎಂದಳು.

ಆ ಮಧ್ಯಾಹ್ನ ಎರಡು ಸಲ ಅನ್ನ ಬಡಿಸಿಕೊಂಡು ಉಂಡೆ. ವಾಸನೆಯ ಸುಳಿವೇ ಇರಲಿಲ್ಲ. ಕೊತ್ತಂಬರಿ ಮಾತ್ರ ಬೇಡವೆಂದೆ. ಅದು ಯಾಕೋ ಮೀನಿನ ವಾಸನೆ ಹೊಡೆಯುತ್ತಿತ್ತು.