ದೋಷ ಹೇಳುವವರು ಬೇಕಾಗಿದ್ದಾರೆ

ಕೊಟ್ಟೂರಿನ ನಮ್ಮ ಅಂಗಡಿಯಲ್ಲಿ ಬೆಳಿಗ್ಗೆ ಶೇರುಪೇಟೆ ತೆರೆಯಿತೆಂದರೆ ಯಾರೂ ಕುಂತಲ್ಲಿ ಕೂರುವುದಿಲ್ಲ. ಮೋಟರ್ ರಿಪೇರಿ ಬಿಟ್ಟು ನನ್ನ ಗಂಡ ಫೋನು ಹಿಡಿಯುತ್ತಾರೆ. ಹುಣಸೆಹಣ್ಣಿನ ವ್ಯಾಪಾರಿಯೊಬ್ಬರು, ನಿವೃತ್ತ ಮೇಷ್ಟ್ರೊಬ್ಬರು ಬಂದು ಸೇರುತ್ತಾರೆ. ಪಕ್ಕದಲ್ಲಿ ನಾನು ಜಂಪರ್ ಹೊಲಿಯುತ್ತ, ಮಗನ ಬಾಯಿಗೆ ಉಪ್ಪಿಟ್ಟು ತುರುಕುತ್ತ ಕೇಳಿಸಿಕೊಳ್ಳುತ್ತೇನೆ. ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಈ ಸಲ ಮಾತ್ರ ನನಗೆ ಸುಮ್ಮನೆ ಕೇಳಿಸಿಕೊಂಡಿರಲು ಆಗಲಿಲ್ಲ. ಹೊಸ ಹೊಲಿಗೆ ಮಿಷನ್ನಿಗೆಂದು ನಾನು ಕೂಡಿಟ್ಟ ದುಡ್ಡನ್ನೇ ನನ್ನ ಗಂಡ ಒಂದು ಪಂಪ್ ಕಂಪನಿಯ ಶೇರಿಗೆ ಹಾಕಲು ಹೊರಟಿದ್ದರು.

ಕೈಮುಗಿಯುವ ಗ್ರೂಪು

ಆ ಶೇರಿನ ಸುದ್ದಿ ಬಂದದ್ದು ಫೋನಿನ ಒಂದು ಗ್ರೂಪಿನಲ್ಲಿ. 'ತಗೊಳ್ಳಿ' ಅಂತ ಅಡ್ಮಿನ್ ಹಾಕಿದರೆ ಸಾಕು, ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಮೇಷ್ಟ್ರು ಮಾತ್ರ, 'ಕಂಪನಿಗೆ ಸಾಲ ಎಷ್ಟಿದೆ ಸರ್?' ಎಂದು ಕೇಳಿದರು. ಅವರನ್ನು ಕೂಡಲೇ ಗ್ರೂಪಿನಿಂದ ತೆಗೆದುಹಾಕಿದರು.

"ನೆಗೆಟಿವ್ ಮಾತಾಡಬಾರದು ಅಂತ ರೂಲ್ಸ್ ಐತಿ," ಅಂದರು ನನ್ನ ಗಂಡ.

"ಹಂಗಾದ್ರ ಅದು ಗ್ರೂಪಲ್ಲ, ಭಜನಿ ಮಂಡಳಿ," ಅಂದೆ ನಾನು. " ಭಜನಿಯಾಗಾದ್ರೂ ಕಡೀಕ ಪ್ರಸಾದ ಕೊಡ್ತಾರ."

ಸುಟ್ಟ ಮೋಟರು

ಇಷ್ಟೆಲ್ಲ ಮಾತಾಡುವಾಗ ನನ್ನ ಗಂಡ ಒರಗಿ ಕೂತದ್ದು ಅದೇ ಕಂಪನಿಯ ಸುಟ್ಟ ಮೋಟರುಗಳಿಗೆ. ಗುಡೇಕೋಟೆಯಿಂದ, ಹಲವಾಗಲಿನಿಂದ ರೈತರು ಬೈಯುತ್ತ ಹೊತ್ತು ತಂದದ್ದು. ಬಿಚ್ಚುವಾಗ ಇವರೂ ಬೈಯುತ್ತಾರೆ.

"ಅಲ್ರೀ, ಇಂಥಾ ಕಂಪನಿ ಶೇರಾ?"

"ನಿನಗ ತಿಳಿಯಂಗಿಲ್ಲ ಸುಮ್ಮನಿರಲೇ. ಮೋಟರ್ ಓಡಿದ್ರ ಶೇರಿನಾಗ ಲಾಭ, ಸುಟ್ರ ರಿಪೇರಿಯಾಗ ಲಾಭ!"

ಸೋಲೇ ಇಲ್ಲದ ಇಂಥ ಲೆಕ್ಕವನ್ನು ನನಗೆ ಹತ್ತನೇ ಇಯತ್ತೆಯವರೆಗೂ ಯಾರೂ ಕಲಿಸಿರಲಿಲ್ಲ.

ಎತ್ತಿನ ಹಲ್ಲು

ನಮ್ಮ ಕಡೆ ಎತ್ತಿನ ಸಂತೆಗೆ ಯಾರೂ ಒಬ್ಬರೇ ಹೋಗುವುದಿಲ್ಲ. ದೋಷ ಹೇಳುವವನೊಬ್ಬನನ್ನು ಕರೆದೊಯ್ಯುತ್ತಾರೆ. ಹಲ್ಲು, ಸುಳಿ, ಗೊರಸು ನೋಡಿ ಹುಳುಕು ತೆಗೆಯುವುದೇ ಅವನ ಕೆಲಸ. ಅವನ ಮೇಲೆ ಸಿಟ್ಟಾಗುವಂತಿಲ್ಲ, ಮಿರ್ಚಿ-ಚಹಾ ಕೊಡಿಸಬೇಕು.

"ಎತ್ತಿಗೆ ಬೇಕು, ಶೇರಿಗೆ ಬ್ಯಾಡೇನು?" ಅಂದೆ. ಎಲ್ಲರಿಗೂ ಹಿಡಿಸಿತು. ವ್ಯಾಪಾರಿಯನ್ನೇ ನೇಮಿಸಿದರು. ಅವರು ಮಿರ್ಚಿ ತಿಂದು, ಚಹಾ ಕುಡಿದು, ಗಂಟಲು ಸರಿಮಾಡಿಕೊಂಡರು.

"ಒಂದ ದೋಷ ಐತ್ರಿ. ನಾವು ಭಾಳ ತಡಾ ಮಾಡೀವಿ!"

ವಿಚಾರಿಸಿದರೆ, ಹಿಂದಿನ ದಿನವೇ ಆ ಶೇರನ್ನು ಗುಟ್ಟಾಗಿ ಕೊಂಡಿದ್ದರು. ಎತ್ತಿನ ಒಡೆಯನನ್ನೇ ಹಲ್ಲು ನೋಡಲು ಕರೆದ ಹಾಗಾಯಿತು.

ಅತ್ತೆಯ ಸರದಿ

ಕಡೆಗೆ ಅತ್ತೆಯನ್ನು ಕೂರಿಸಿದೆ. ಹೆಣ್ಣು ನೋಡಲು ಬಂದ ದಿನ ನನ್ನೆದುರಿಗೇ "ಮೂಗು ಸ್ವಲ್ಪ ದಪ್ಪ ಆತು" ಅಂದವರು. ಈ ಕೆಲಸಕ್ಕೆ ಅವರಿಗಿಂತ ಬೇರೆ ಯಾರು?

ಅತ್ತೆ ಮಗನನ್ನು ಕೇಳಿದರು: "ಲೇ ತಮ್ಮಾ, ನೀನು ತಗೋಬೇಕಂದ್ರ ಇನ್ನೊಬ್ಬಾವ ಮಾರಬೇಕಲ್ಲ?"

"ಹೂಂ ಬೇ."

"ಅಷ್ಟು ಚಲೋ ಇದ್ರ ಅವನ್ಯಾಕ ಮಾರ್ತಾನ? ಎತ್ತು ಮಾರಾವನ್ನ ಮೊದಲು ಕೇಳೋದ ಅದನ್ನಲ್ಲೇನು?"

"ಈ ಪ್ರಶ್ನಿ ನನಗೂ ಹೊಳೀಲಿಲ್ಲ ನೋಡ್ರಿ," ಅಂದರು ಮೇಷ್ಟ್ರು. ನನ್ನ ಗಂಡ ಫೋನನ್ನು ಬೋರಲು ಹಾಕಿದರು.

"ಹಂಗಾದ್ರ ಮಿಷನ್ ತರೂನು!" ಅಂತ ನಾನು ಎದ್ದೇಬಿಟ್ಟೆ.

"ಕುಂದ್ರು," ಅಂದರು ಅತ್ತೆ. "ಅದರದೂ ದೋಷ ನೋಡೂನು. ಕರೆಂಟ್ ಹೋದ್ರ?"

"ಕಾಲಿಲೆ ತುಳೀತೀನಿ."

"ಅಷ್ಟು ಗಿರಾಕಿ ಅದಾರೇನು?"

ಹೊಲಿಯದೆ ಉಳಿದ ಜಂಪರ್ ಬಟ್ಟೆಗಳ ಚೀಲವನ್ನು ಅವರ ಮುಂದೆ ಸುರುವಿದೆ. ಅತ್ತೆ ತಲೆಯಾಡಿಸಿದರು.

"ಆತು, ಮಿಷನ್ ಚಲೋ ಐತಿ, ತಗೋ. ದಿನಾ ನೀನು ಹೊಲಿಯಾಕ ಕುಂತ್ರ ಈ ಕೂಸಿನ್ನ ಯಾರು ನೋಡ್ಕೊಳ್ಳೋರು?"

"ನೀವ, ಅತ್ತಿ."

ಅಷ್ಟರಲ್ಲಿ ನನ್ನ ಮಗ ಗ್ರೀಸು ಮೆತ್ತಿದ ಎರಡೂ ಕೈಯಲ್ಲಿ ಅವರ ಸೀರೆ ಹಿಡಿದು ಹತ್ತತೊಡಗಿದ್ದ. ಅತ್ತೆ ಅವನನ್ನು ನೋಡಿದರು, ಸೀರೆಯನ್ನು ನೋಡಿದರು, ಮೆಲ್ಲಗೆ ನನ್ನ ಗಂಡನ ಕಡೆ ತಿರುಗಿದರು.

"ತಮ್ಮಾ, ಆ ಪಂಪಿನ ಶೇರು ಅಷ್ಟೇನು ಕೆಟ್ಟದ್ದಿರಲಿಕ್ಕಿಲ್ಲ. ಇನ್ನೊಮ್ಮಿ ನೋಡಪಾ."